ಸುಡದ ಮರಳು

ಮೂಟೆ ಹೊರುವ ಓಮ್ನಿ ಅದು, ಭಾವಮೈದುನ ಬಾಬಾಜಾನನದು.
ಹಿಂದಿನ ಸೀಟು ಕಿತ್ತು ಎಷ್ಟೋ ವರ್ಷ.
ಹಾಸಿಗೆ ಹಾಸಿದೆವು. ಶಮೀಮ್
ಡಬರಿ ತುಂಬ ಚಿತ್ರಾನ್ನ ಕಲಸಿದಳು,
ಜೊತೆಗೆ ಒಂದು ಚೀಲ ಮಂಡಕ್ಕಿ. ಅದಿಲ್ಲದೆ
ಭಟ್ಟಿ ಓಣಿಯವರು ಊರು ಬಿಟ್ಟದ್ದುಂಟೇ?

ದಾವಣಗೆರೆ ಇನ್ನೂ ಮಲಗಿತ್ತು.
ನಮ್ಮ ಓಣಿಯ ಹೊಗೆ ಮಾತ್ರ ಎದ್ದು ಕೂತಿತ್ತು.
"ಸಮುದ್ರ ಎಷ್ಟು ದೊಡ್ಡದು ಅಬ್ಬಾ?"
ಇಲಿಯಾಸ್, ನಾಲ್ಕು ವರ್ಷದವ.
ನೋಡಿ ಬಂದವನ ಗತ್ತಿನಲ್ಲಿ ಗೇರ್ ಹಾಕಿ
"ಹೋದ ಮೇಲೆ ನೋಡುವಿಯಂತೆ" ಅಂದೆ.

ಸೂಳೆಕೆರೆಯ ಏರಿಯ ಮೇಲೆ ಬೆಳಗಾಯಿತು.
ನೀರು, ಆಚೆ ಗುಡ್ಡದ ಬುಡದ ತನಕ ನೀರು.
"ಬಂತು!" ಎಂದು ಚಪ್ಪಾಳೆ ತಟ್ಟಿದ.
"ಇದು ಶಾಂತಿಸಾಗರ ಕಣೋ, ಬರೀ ಕೆರೆ" ಎಂದಳು ಮುಬೀನಾ
ಎರಡನೇ ಕ್ಲಾಸಿನ ಗಾಂಭೀರ್ಯದಲ್ಲಿ.
ಅದೇ ಮುಬೀನಾ, ಶಿವಮೊಗ್ಗ ದಾಟಿದ ಮೇಲೆ
ಹಸಿರು ಬೋರ್ಡಿನ ಅಕ್ಷರ ಕೂಡಿಸಿ ಓದಿದಳು:
"ಸಾ... ಗ... ರ! ಅಬ್ಬಾ, ಬಂದೇಬಿಡ್ತು!"
ಸಾಗರದಲ್ಲಿ ಬಸ್ ಸ್ಟ್ಯಾಂಡ್ ಇತ್ತು, ಎಳನೀರಿನ ಗಾಡಿ ಇತ್ತು,
ಮೊಬೈಲ್ ರಿಪೇರಿ ಅಂಗಡಿ ಇತ್ತು.
ಘಟ್ಟ ಇಳಿಯುವ ತನಕ ಅವಳು ಮಾತಾಡಲಿಲ್ಲ.
ಅಕ್ಷರ ಮೋಸ ಮಾಡಿದ್ದು ಅವಳಿಗೆ ಅದೇ ಮೊದಲು.

ತಾಳಗುಪ್ಪದ ಬಳಿ ಟೈರು ಕೈಕೊಟ್ಟಿತು, ಎರಡು ತಾಸು.
ಗೇರುಸೊಪ್ಪೆಯ ತಿರುವುಗಳಲ್ಲಿ ಇಲಿಯಾಸ್ ಮೂರು ಸಲ ಕಾರಿದ:
ಒಮ್ಮೆ ಕವರಿಗೆ, ಒಮ್ಮೆ ಕಿಟಕಿಗೆ,
ಒಮ್ಮೆ ಅವರಮ್ಮಿಯ ಹೊಸ ದುಪಟ್ಟಾಕ್ಕೆ.
"ಮನೆಗೆ ಹೋಗೋಣ" ಅಂತ ಅವನು.
ಒಳಗೊಳಗೆ ನಾನೂ ಅದನ್ನೇ.

ಹೊನ್ನಾವರದಾಚೆ, ಹೊತ್ತು ಇಳಿಯುವಾಗ,
ಗಾಳಿಮರಗಳ ನೆರಳಿಗೆ ಗಾಡಿ ನಿಲ್ಲಿಸಿದೆ.
ಸದ್ದು ಮೊದಲು ಬಂತು.
ಕಾದ ಬಾಂಡ್ಲಿಗೆ ಅಕ್ಕಿ ಸುರಿದಾಗ ಏಳುತ್ತದಲ್ಲ, ಅದೇ,
ಆದರೆ ನಿಲ್ಲುವುದೇ ಇಲ್ಲ.
ಬಾಗಿಲು ಸರಿಸಿದೆ.
ಮಕ್ಕಳು ಇಳಿಯಲಿಲ್ಲ.

ಎದುರಿಗೆ ಅಷ್ಟು ದೊಡ್ಡ ಸಮುದ್ರ. ಅವರು ನೋಡುತ್ತಿದ್ದದ್ದು
ಕೆಳಗೆ ಹಾಸಿದ್ದ ಮರಳನ್ನು.
"ಸುಡುತ್ತೆ" ಎಂದ ಇಲಿಯಾಸ್, ಕೈ ಬೆನ್ನ ಹಿಂದೆ ಕಟ್ಟಿ.
"ಮರಳು ಮುಟ್ಟಬಾರದು" ಎಂದಳು ಮುಬೀನಾ,
ನನ್ನದೇ ದನಿಯಲ್ಲಿ.

ಹೌದು. ಅಂಬೆಗಾಲಿನ ದಿನದಿಂದ ಕಿರುಚಿದವನು ನಾನೇ:
ಹತ್ರ ಬರಬೇಡ, ಮರಳು, ಮರಳು!
ಒಮ್ಮೆ ಏಟು ಕೊಟ್ಟೂ ಕಲಿಸಿದ್ದೆ.
ನಮ್ಮ ಓಣಿಯಲ್ಲಿ ಅದು ಬೆಂಕಿಯ ಇನ್ನೊಂದು ಹೆಸರು.
ನನ್ನ ಮೊಣಕೈ ತನಕ ಅದರ ಸಹಿ ಇದೆ.

ಮಂಡಿಯೂರಿದೆ. ಹೇಳಲು ನಾಚಿಕೆ,
ಇಪ್ಪತ್ತು ವರ್ಷ ಜರಡಿ ಹಿಡಿದವನು
ಬರಿಗೈ ಇಡುವಾಗ ಕಣ್ಣು ಮುಚ್ಚಿದೆ.

ತಣ್ಣಗಿತ್ತು.
ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿದೆ, ಅಭ್ಯಾಸ ಬಿಡದು:
ಬಲು ನುಣುಪು, ನಮ್ಮ ಕೆಲಸಕ್ಕೆ ಬಾರದು.
ಕೆಲಸಕ್ಕೆ ಬಾರದ ಮರಳು ಲೋಕದಲ್ಲಿ ಇಷ್ಟೊಂದು!

ಮೊದಲು ಮುಬೀನಾಳ ಹೆಬ್ಬೆರಳು ಇಳಿಯಿತು.
ಆಮೇಲೆ ಅವರನ್ನು ಹಿಡಿಯುವವರು ಯಾರು?
ಎರಚಿದರು, ಹೂತುಕೊಂಡರು, ಒಂದಿಷ್ಟು ತಿಂದರು.
"ಏರಿ ಎಲ್ಲೈತೆ ಅಬ್ಬಾ? ಯಾರು ಕಟ್ಟಿದ್ದು?"
ಏರಿ ಇಲ್ಲ ಮಗನೆ.
"ಮತ್ತೆ ನೀರು ಊರೊಳಗೆ ಯಾಕೆ ಬರಲ್ಲ?"
ಸಲ್ವಾರ್ ಮೊಣಕಾಲಿಗೆ ಎತ್ತಿ ಅಲೆಯಲ್ಲಿ ನಿಂತಿದ್ದ ಶಮೀಮ್
ತಿರುಗದೆಯೇ ಅಂದಳು:
"ಬರುತ್ತೆ, ಇಣುಕುತ್ತೆ, ಹೋಗುತ್ತೆ.
ನಿಮ್ಮ ಅಬ್ಬಾನ ಅಕ್ಕಂದಿರ ಹಾಗೆ."

ಸೋಮವಾರ ಓಮ್ನಿ ಮತ್ತೆ ಮೂಟೆಗೆ ಹೋಯಿತು.
ಹಾಸಿಗೆ ಕೊಡವಿದರೆ ಅಂಗಳಕ್ಕೆ ಬಿದ್ದದ್ದು
ಅರ್ಧ ಮಂಡಕ್ಕಿ, ಅರ್ಧ ಮರಳು.
ಮಧ್ಯಾಹ್ನದೊಳಗೆ ಇರುವೆಗಳು
ಮಂಡಕ್ಕಿಯನ್ನಷ್ಟೇ ಆರಿಸಿ ಒಯ್ದವು.

ಇಲಿಯಾಸ್ ಭಟ್ಟಿಯ ಬಾಗಿಲಿಗೆ ಬಂದ.
ಅಂಗಳದ್ದನ್ನು ನೋಡಿದ, ಬಾಂಡ್ಲಿಯದನ್ನು ನೋಡಿದ,
ಒಂದು ಹೆಜ್ಜೆ ಒಳಗಿಟ್ಟ.
"ಅಬ್ಬಾ, ಇದು ಸುಡೋದಾ, ಸುಡದ್ದಾ?"

ಕಿರುಚು ಗಂಟಲಿಗೆ ಬಂದಿತ್ತು.
"ಸುಡೋದು" ಅಂದೆ, ಮೆಲ್ಲಗೆ.
ಅವನು ತಲೆಯಾಡಿಸಿ
ಅಂಗಳದ ಒಂದು ಹಿಡಿಯ ಪಕ್ಕ ಹೋಗಿ ಕೂತ.